ಮೂರು ನದಿ ಹುಟ್ಟುವ ಜೌಗಿನಲ್ಲಿ ನಡೆಯುವುದು ಹೇಗೆ?

ಬ್ರಿಟನ್ನಿನಲ್ಲಿರುವ ನಮ್ಮವರು ವೇಲ್ಸ್ ಕಡೆ ಬೆಟ್ಟ ಹತ್ತಲು ಹೊರಟರೆ ಮೊದಲು ನೆನಪಾಗುವುದು ಸ್ನೋಡನ್. ತಪ್ಪೇನಿಲ್ಲ. 1085 ಮೀಟರ್ ಎತ್ತರದ ಅದು ವೇಲ್ಸ್‌ಗೆಲ್ಲ ದೊಡ್ಡ ಶಿಖರ. ಹತ್ತಲಾಗದವರಿಗೆ 1896ರಿಂದಲೂ ಪುಟ್ಟ ರೈಲಿದೆ. ಬೇಸಿಗೆಯ ವಾರಾಂತ್ಯದಲ್ಲಿ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಸರತಿ ಸಾಲು ಹಿಡಿಯಬೇಕು, ಅಷ್ಟೇ. ಅಲ್ಲಿಂದ ದಕ್ಷಿಣಕ್ಕೆ, ನಡು ವೇಲ್ಸ್‌ನ ಕೇಂಬ್ರಿಯನ್ ಬೆಟ್ಟಸಾಲಿನಲ್ಲಿ 752 ಮೀಟರಿನ ಇನ್ನೊಂದು ಬೆಟ್ಟವಿದೆ. ವೆಲ್ಶ್ ಜನರ ಬಾಯಲ್ಲಿ ಅದು ಪಿಮ್‌ಲಿಮನ್, ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಪ್ಲಿನ್‌ಲಿಮನ್. ಅಲ್ಲಿ ಸರತಿ ಸಾಲಿರಲಿ, ವಾರದ ದಿನ ಹೋದರೆ ಕುರಿಗಳನ್ನು ಬಿಟ್ಟು ಇನ್ನೊಂದು ಜೀವ ಕಾಣದೆಯೇ ಇಳಿದು ಬರಬಹುದು.

ರಸ್ತೆಯಿಂದ ನೋಡಿದರೆ ಅದು ಬೆಟ್ಟವೆಂದು ಹೇಳುವುದೂ ಕಷ್ಟ. ಕೋಡುಗಲ್ಲಿಲ್ಲ, ಕಡಿದಾದ ಬಂಡೆಯಿಲ್ಲ. ಉದ್ದಕ್ಕೆ ಮಲಗಿದ ಹುಲ್ಲಿನ ಬೆನ್ನು, ಅದರ ಮೇಲೆ ಕೂತ ಮೋಡ. ‘ಕೆಸರು ಬಿಟ್ಟರೆ ಅಲ್ಲೇನಿದೆ’ ಎಂದು ಮೂಗು ಮುರಿಯುವ ಚಾರಣಿಗರು ಬ್ರಿಟಿಷರಲ್ಲೂ ಬೇಕಾದಷ್ಟಿದ್ದಾರೆ. ನನ್ನ ಪ್ರಕಾರ ಆ ಕೆಸರೇ ಅಲ್ಲಿಗೆ ಹೋಗಲು ಕಾರಣ. ತುದಿ ಮುಟ್ಟಿ ಬರುವ ಲೆಕ್ಕದಲ್ಲಿ ಹೋದರೆ ನಿರಾಸೆಯಾದೀತು. ಕಾಲ ಕೆಳಗೆ ಏನಿದೆ, ಅದು ಯಾಕೆ ಹಾಗಿದೆ ಎಂದು ನೋಡುತ್ತ ನಡೆದರೆ ಒಂದಿಡೀ ದಿನ ಸಾಲದು.

ನೀರಿನ ಉಗ್ರಾಣ

ಈ ಒಂದೇ ಬೆಟ್ಟದ ಮೈಯಲ್ಲಿ ಮೂರು ನದಿಗಳು ಹುಟ್ಟುತ್ತವೆ. ಒಂದು ಸೆವೆರ್ನ್, ವೆಲ್ಶ್‌ನಲ್ಲಿ ಹಾವ್ರೆನ್. ಗ್ರೇಟ್ ಬ್ರಿಟನ್ನಿನ ಅತಿ ಉದ್ದದ ನದಿ ಅದು, 354 ಕಿಲೋಮೀಟರ್ ಹರಿಯುತ್ತದೆ. ಎರಡನೆಯದು ವೈ. ಹಳೆಯ ಪುಸ್ತಕಗಳ ಊರೆಂದು ಹೆಸರಾದ ಹೇ-ಆನ್-ವೈ ಮೇಲೆ ಹಾದು ಸುಮಾರು 250 ಕಿಲೋಮೀಟರ್ ಸಾಗುತ್ತದೆ. ಮೂರನೆಯದು ರೈಡಾಲ್, ಮೂವತ್ತು ಕಿಲೋಮೀಟರಿನಷ್ಟು ಓಡಿ ಅಬೆರಿಸ್ಟ್‌ವಿತ್‌ನಲ್ಲಿ ಸಮುದ್ರ ಸೇರುವ ಚುರುಕಿನ ಹೊಳೆ. ಇವರು ಮೂವರು ಅಕ್ಕತಂಗಿಯರು, ಬೆಟ್ಟ ಇವರ ತಂದೆ ಎಂಬ ಕಥೆ ಅಲ್ಲಿದೆ. ಒಬ್ಬಳಿಗೆ ಆದಷ್ಟು ಬೇಗ ಕಡಲು ಸೇರುವ ಆಸೆ, ಒಬ್ಬಳಿಗೆ ಚೆಲುವಾದ ಕಣಿವೆಗಳನ್ನು ನೋಡುವ ಆಸೆ, ಇನ್ನೊಬ್ಬಳಿಗೆ ಊರುಕೇರಿಗಳನ್ನು ಸುತ್ತಿ ಜನರ ನಡುವೆ ಹೋಗುವ ಆಸೆ. ಸೆವೆರ್ನ್ ಮತ್ತು ವೈ ಕೊನೆಗೆ ಚೆಪ್‌ಸ್ಟೋ ಹತ್ತಿರದ ಅಳಿವೆಯಲ್ಲಿ ಮತ್ತೆ ಸೇರುತ್ತವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಇನ್ನೊಂದು ವಿಷಯ ತಿಳಿದಿರಲಿ. ವೈ ನದಿಯ ಉಪನದಿಯಾದ ಈಲಾನ್‌ಗೆ ಅಣೆಕಟ್ಟು ಕಟ್ಟಿ, ನೂರು ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ 1904ರಿಂದ ನಿಮ್ಮ ಊರಿಗೆ ನೀರು ಬರುತ್ತಿರುವುದು ಇದೇ ಬೆಟ್ಟಸಾಲಿನಿಂದ.

ಪಿಮ್‌ಲಿಮನ್ ಮೇಲೆ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ. ಆಗುಂಬೆ ಕಂಡವರಿಗೆ ಇದೊಂದು ಮಳೆಯೇ ಅನ್ನಿಸಬಹುದು. ಅಲ್ಲಿ ಇದರ ಎರಡು ಮೂರು ಪಟ್ಟು ಸುರಿಯುತ್ತದೆ. ವ್ಯತ್ಯಾಸವಿರುವುದು ಸುರಿಯುವ ರೀತಿಯಲ್ಲಿ. ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳು ಧೋ ಎಂದು ಹೊಯ್ದು, ಆಮೇಲೆ ಬಿಸಿಲು ಬಂದು, ಮಾರ್ಚ್ ಹೊತ್ತಿಗೆ ಗುಡ್ಡದ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಇಲ್ಲಿ ಹನ್ನೆರಡು ತಿಂಗಳೂ ಜಿನುಗು ಮಳೆ, ಮಂಜು, ತಣ್ಣನೆಯ ಗಾಳಿ. ಕೆಳಗಿನದು ನೀರು ಇಂಗಲು ಬಿಡದ ಮಣ್ಣುಕಲ್ಲಿನ ಪದರ. ಆರಲು ನೆಲಕ್ಕೆ ಪುರಸೊತ್ತೇ ಸಿಗುವುದಿಲ್ಲ. ಸತ್ತ ಹುಲ್ಲು, ಪಾಚಿ, ಬೇರು ಎಲ್ಲವೂ ಗಾಳಿಯಾಡದ ನೀರಿನಲ್ಲಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂರುತ್ತವೆ. ಹೀಗೆ ಆಗುವ ಕಪ್ಪು ಮಣ್ಣೇ ಪೀಟ್. ಅದು ಬೆಳೆಯುವುದು ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್. ನಿಮ್ಮ ಊರುಗೋಲು ಒಂದು ಮೀಟರ್ ಒಳಗಿಳಿದರೆ ಸಾವಿರ ವರ್ಷದ ಹಿಂದಿನ ಹುಲ್ಲನ್ನು ಮುಟ್ಟಿದೆ ಎಂದುಕೊಳ್ಳಿ.

ಈ ಕೆಲಸದಲ್ಲಿ ದೊಡ್ಡ ಪಾಲು ಸ್ಫ್ಯಾಗ್ನಮ್ ಎಂಬ ಪಾಚಿಯದು. ಮೊಣಕಾಲೂರಿ ಅದನ್ನು ಹತ್ತಿರದಿಂದ ನೋಡಬೇಕು. ಒಂದೊಂದು ಗಿಡವೂ ಪುಟ್ಟ ನಕ್ಷತ್ರದ ತಲೆ ಹೊತ್ತು ನಿಂತಿರುತ್ತದೆ. ಒಂದು ಹಾಸು ತಿಳಿಹಸಿರು, ಪಕ್ಕದ್ದು ತುಕ್ಕಿನ ಬಣ್ಣ, ಅದರಾಚೆ ಕೆಂಪು ವೈನಿನ ಬಣ್ಣ. ಅಂಗೈ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಉಕ್ಕುತ್ತದೆ, ಕೈ ತೆಗೆದರೆ ಒಳಕ್ಕೆ ಹಿಂದಿರುಗುತ್ತದೆ. ಒಣಗಿದಾಗಿನ ತೂಕದ ಇಪ್ಪತ್ತು ಪಟ್ಟಿನಷ್ಟು ನೀರನ್ನು ಹಿಡಿದಿಡಬಲ್ಲ ಗಿಡ ಇದು. ಸುತ್ತಲಿನ ನೀರನ್ನು ಹುಳಿಯಾಗಿಸಿ ಬ್ಯಾಕ್ಟೀರಿಯಾಗಳಿಗೆ ಬದುಕಲು ಬಿಡುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಬರ ಬಂದಾಗ ಗಾಯಕ್ಕೆ ಕಟ್ಟಲು ಬ್ರಿಟನ್ನಿನ ಜನ ಇದನ್ನೇ ಚೀಲಗಟ್ಟಲೆ ಆರಿಸಿ ಕಳಿಸಿದ್ದರು. ಬೇಸಿಗೆಯಲ್ಲಿ ಇದೇ ಹಾಸಿನ ನಡುವೆ ಗುಂಡಿಯಷ್ಟಗಲದ ಕೆಂಪೆಲೆ, ಅದರ ಅಂಚಿನ ರೋಮಗಳ ತುದಿಯಲ್ಲಿ ಅಂಟಿನ ಹನಿ ಹೊತ್ತ ಸಂಡ್ಯೂ ಕಾಣಬಹುದು. ಕೀಟ ಹಿಡಿದು ತಿನ್ನುವ ಸಸ್ಯ ಅದು. ಅದರ ದಾಯಾದಿಗಳು ನಮ್ಮ ಪಶ್ಚಿಮ ಘಟ್ಟದ ಕಲ್ಲುಹಾಸಿನ ಬಯಲುಗಳಲ್ಲೂ ಮಳೆ ನಿಂತ ಮೇಲೆ ತಲೆಯೆತ್ತುತ್ತವೆ.

ನೀರಿನ ಶಾಸ್ತ್ರ ಓದಿದವರಿಗೆ ಈ ಬೆಟ್ಟ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ ಇಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಸೆವೆರ್ನ್ ಹುಟ್ಟುವ ಕಡೆ 1937ರಿಂದ ನೆಟ್ಟು ಬೆಳೆಸಿದ ಹಾವ್ರೆನ್ ಕಾಡಿತ್ತು, ವೈ ಹುಟ್ಟುವ ಕಡೆ ಬರೀ ಕುರಿ ಮೇಯುವ ಹುಲ್ಲು. ಪಕ್ಕಪಕ್ಕದ ಎರಡು ಕಣಿವೆ, ಬೀಳುವುದು ಒಂದೇ ಮಳೆ. ಎರಡರಿಂದಲೂ ಹೊರಬೀಳುವ ನೀರನ್ನು ವರ್ಷಗಟ್ಟಲೆ ಅಳೆದು ನೋಡಿದರೆ ಕಾಡಿನ ಕಣಿವೆಯಿಂದ ಬಂದದ್ದೇ ಕಡಿಮೆ. ಸೂಜಿಯೆಲೆಯ ಮರಗಳು ಮಳೆಯನ್ನು ಕೊಂಬೆಯಲ್ಲೇ ತಡೆದು ಗಾಳಿಗೆ ವಾಪಸು ಕೊಟ್ಟುಬಿಡುತ್ತಿದ್ದವು. ‘ಮರ ನೆಟ್ಟಷ್ಟೂ ಹೊಳೆಗೆ ನೀರು’ ಎಂಬ ಮಾತನ್ನು ಎಲ್ಲೆಲ್ಲೂ ಹಾಗೆಯೇ ಹೇಳಲಾಗದು ಎಂಬುದಕ್ಕೆ ಇಂದಿಗೂ ಈ ಬೆಟ್ಟದ ಅಂಕಿಗಳನ್ನೇ ಉದಾಹರಿಸುತ್ತಾರೆ. ದಾರಿಯಲ್ಲಿ ಹೊಳೆಗೆ ಅಡ್ಡಲಾಗಿ ಕಾಂಕ್ರೀಟಿನ ಅಳತೆಕಟ್ಟೆ ಕಂಡರೆ ಅದರ ಹಿಂದಿನ ಕಥೆ ಇದು.

ನೆಲ ಓದುವುದು

ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಕಾಲಿಟ್ಟು ಗೊತ್ತಿದ್ದವರಿಗೆ ಜೌಗಿನ ಅರ್ಧ ಪಾಠ ಆದಂತೆಯೇ. ಉಳಿದರ್ಧ ಮಾತ್ರ ಬೇರೆ. ಗದ್ದೆಯ ಕೆಸರಿನಡಿ ಗೇಣುದ್ದಕ್ಕೆ ಗಟ್ಟಿ ನೆಲ ಸಿಕ್ಕೇ ಸಿಗುತ್ತದೆ. ಇಲ್ಲಿ ಆ ಭರವಸೆ ಇಲ್ಲ. ಹಾಗಾಗಿ ಕಾಲಿಡುವ ಮೊದಲು ಬಣ್ಣ ನೋಡಬೇಕು.

ಕಣ್ಣು ಕುಕ್ಕುವ ತಿಳಿಹಸಿರು, ಸಪಾಟಾಗಿ, ಹುಲ್ಲುಹಾಸಿನಂತೆ ಆಸೆ ಹುಟ್ಟಿಸುವ ಜಾಗವಿದ್ದರೆ ಅದೇ ಅಪಾಯದ ಜಾಗ. ನೀರಿನ ಮೇಲೆ ತೇಲುತ್ತಿರುವ ಪಾಚಿ ಅದು. ಬಿಳಿ ಹತ್ತಿಯ ಕುಚ್ಚು ಹೊತ್ತ ಹುಲ್ಲು ಮೇ, ಜೂನ್‌ನಲ್ಲಿ ಬೆಟ್ಟಕ್ಕೆಲ್ಲ ಚೆಂದ ಕೊಡುತ್ತದೆ, ಆದರೆ ಅದು ನಿಂತಲ್ಲೆಲ್ಲ ಕೆಳಗೆ ಒದ್ದೆ ಪೀಟ್ ಇದೆಯೆಂದೇ ಅರ್ಥ. ಕಡುಹಸಿರಿನ, ದುಂಡು ಕಡ್ಡಿಯಂಥ ಆಪಿನ ಗೊಂಚಲುಗಳಿದ್ದರೆ ನೀರು ಹರಿಯುತ್ತಿದೆ, ಬೂಟು ನೆನೆಯುತ್ತದೆ. ಆದರೂ ಗೊಂಚಲಿನ ಬುಡಕ್ಕೇ ಕಾಲಿಟ್ಟರೆ ಅದು ಭಾರ ತಡೆಯುತ್ತದೆ. ಕಂದುಬಣ್ಣದ ಹೆದರ್ ಪೊದೆ, ಬಿಲ್‌ಬೆರಿ ಗಿಡ ಕಂಡರೆ ಸಮಾಧಾನ ಮಾಡಿಕೊಳ್ಳಿ, ಅವು ಬೇರೂರಿದ್ದು ಸ್ವಲ್ಪ ಒಣಗಿದ ನೆಲದಲ್ಲಿ.

ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಮೊಲಿನಿಯಾ ಎಂಬ ಹುಲ್ಲು. ಚಳಿಗಾಲದಲ್ಲಿ ಬಿಳಿಚಿಕೊಂಡು ಇಡೀ ಇಳಿಜಾರನ್ನು ಒಣಹುಲ್ಲಿನ ಬಣ್ಣಕ್ಕೆ ತಿರುಗಿಸುವುದು ಇದೇ. ಮೊಣಕಾಲೆತ್ತರದ ಗುಪ್ಪೆ, ಪಕ್ಕದಲ್ಲಿ ಗುಂಡಿ, ಮತ್ತೆ ಗುಪ್ಪೆ. ಮೇಲೆ ಹೆಜ್ಜೆಯಿಟ್ಟರೆ ಗುಪ್ಪೆ ವಾಲುತ್ತದೆ, ನಡುವೆ ಇಟ್ಟರೆ ಪಾದ ಸಿಕ್ಕಿಕೊಳ್ಳುತ್ತದೆ. ಪಾದದ ಗಂಟು ಉಳುಕುವುದು ಹೆಚ್ಚಾಗಿ ಇಂಥಲ್ಲೇ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಉಳಿಯುತ್ತದೆಂದು ಇದರ ಮೇಲೆ ಅಡ್ಡಹಾಯುವುದಕ್ಕಿಂತ ಸುತ್ತಿ ಬರುವುದೇ ಲೇಸು.

ಪೀಟ್ ಕೊಚ್ಚಿಹೋಗಿ ಆಳೆತ್ತರದ ಕಪ್ಪು ಗೋಡೆಗಳು ನಿಂತ ಜಾಗಗಳೂ ಬೆನ್ನಿನ ಮೇಲೆ ಸಿಗುತ್ತವೆ. ಅಂಚಿನಿಂದ ಕೆಳಕ್ಕೆ ಧುಮುಕಬೇಡಿ. ಕೆಳಗಿನ ತಗ್ಗಿನಲ್ಲಿ ತಳದ ಕಲ್ಲು ಕಾಣುತ್ತಿದೆಯೇ ಎಂದು ನೋಡಿ ಅದರ ಮೇಲೆ ನಡೆಯಿರಿ. ಹಿಂದೆ ಕುರಿಗೆ ಮೇವು ಹೆಚ್ಚಲೆಂದು ಜೌಗನ್ನು ಬಸಿಯಲು ಉದ್ದುದ್ದ ಚರಂಡಿ ತೋಡಿದ್ದರು. ನೀರು ಬೇಗ ಇಳಿದು ಕೆಳಗಿನ ಊರುಗಳಿಗೆ ನೆರೆ, ಮೇಲಿನ ಪೀಟ್‌ಗೆ ಬಿರುಕು. ಈಗ ಮಾಂಟ್‌ಗಮೆರಿಶೈರ್ ವೈಲ್ಡ್‌ಲೈಫ್ ಟ್ರಸ್ಟ್‌ನವರು ರೈತರ ಜೊತೆ ಸೇರಿ ಅದೇ ಚರಂಡಿಗಳಿಗೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸುತ್ತಿದ್ದಾರೆ. ಹುಲ್ಲು ಮುಚ್ಚಿದ ಚರಂಡಿ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೇ ಬೀಳುತ್ತದೆ. ಊರುಗೋಲು ಮುಂದೆ ಚುಚ್ಚಿಯೇ ಹೆಜ್ಜೆ ಇಡಿ.

ಹೂತುಹೋದರೆ? ಸಿನಿಮಾದಲ್ಲಿ ತೋರಿಸುವಂತೆ ಮನುಷ್ಯ ಮುಳುಗಿ ಟೊಪ್ಪಿ ತೇಲುವುದೆಲ್ಲ ಇಲ್ಲ. ಮೊಣಕಾಲು, ತಪ್ಪಿದರೆ ತೊಡೆಯವರೆಗೆ ಇಳಿಯಬಹುದು. ಗಾಬರಿಯಲ್ಲಿ ಕಾಲು ಜಗ್ಗಿದರೆ ಇನ್ನಷ್ಟು ಹಿಡಿಯುತ್ತದೆ, ಜಗ್ಗಿ ಗೆದ್ದರೂ ಬೂಟು ಒಳಗೇ ಉಳಿಯುತ್ತದೆ. ಬೆನ್ನಚೀಲ ಕಳಚಿ ಪಕ್ಕಕ್ಕೆ ಎಸೆಯಿರಿ. ಊರುಗೋಲುಗಳನ್ನು ಅಡ್ಡ ಇಟ್ಟು ಅವುಗಳ ಮೇಲೆ ಕೈಯೂರಿ, ಬಂದ ದಿಕ್ಕಿಗೇ ಮೈ ಒರಗಿಸಿ. ಸಿಕ್ಕ ಕಾಲನ್ನು ಮೆಲ್ಲಗೆ ಆಡಿಸುತ್ತ ಸುತ್ತ ನೀರು ಸೇರಿಕೊಳ್ಳಲು ಬಿಟ್ಟರೆ ಹಿಡಿತ ಸಡಿಲವಾಗುತ್ತದೆ. ಬಟ್ಟೆಯೆಲ್ಲ ಕೆಸರಾಗುತ್ತದೆ, ಆಗಲಿ.

ಮೂರು ದಾರಿ

ಹತ್ತಿರದ ದಾರಿ ಐಸ್ತೆದ್ವಾ ಗಿರಿಗ್‌ನಿಂದ. ಅಬೆರಿಸ್ಟ್‌ವಿತ್‌ನಿಂದ ಲ್ಯಾನ್‌ಗಿರಿಗ್ ಕಡೆಗೆ ಹೋಗುವ ಎ44 ಹೆದ್ದಾರಿಯ ಪಕ್ಕದಲ್ಲೇ ಇರುವ ತೋಟದ ಮನೆ ಅದು. ಸ್ವಲ್ಪ ದುಡ್ಡು ಕೊಟ್ಟು ಅಲ್ಲೇ ಕಾರು ನಿಲ್ಲಿಸಬಹುದು, ಚಿಲ್ಲರೆ ಇಟ್ಟುಕೊಂಡಿರಿ. ರಸ್ತೆಯೇ 400 ಮೀಟರ್ ಎತ್ತರದಲ್ಲಿರುವುದರಿಂದ ಅರ್ಧಕ್ಕಿಂತ ಹೆಚ್ಚು ಬೆಟ್ಟವನ್ನು ಕಾರೇ ಹತ್ತಿರುತ್ತದೆ. ಹೊಳೆಯ ಪಕ್ಕದ ಬಂಡಿದಾರಿ ಹಿಡಿದು, ಪಾಳುಬಿದ್ದ ಸೀಸದ ಗಣಿ ದಾಟಿ, ಹುಲ್ಲಿನ ಏರು ಹತ್ತಿದರೆ ತುದಿ. ಒಂದು ಕಡೆಗೆ ನಾಲ್ಕು ಕಿಲೋಮೀಟರಿನೊಳಗೆ. ಗಣಿಯ ಸುತ್ತ ಹಳೆಯ ಬಾವಿಗಳಿರುತ್ತವೆ. ಮಕ್ಕಳ ಕೈ ಬಿಡಬೇಡಿ, ಬೇಲಿಯೊಳಗೆ ಇಣುಕಬೇಡಿ. ಮೊದಲ ಸಲ ಹೋಗುವವರಿಗೆ, ಮಧ್ಯಾಹ್ನದ ಮೇಲೆ ಮಳೆ ಎಂದು ಮುನ್ಸೂಚನೆ ಇದ್ದಾಗ ಇದೇ ಸರಿಯಾದ ದಾರಿ. ನೋಡಲು ಸಪ್ಪೆ, ಅದು ಬೇರೆ ಮಾತು.

ಎರಡನೆಯದು ಉತ್ತರದಿಂದ, ನಾಂತ್-ಅ-ಮೋಖ್ ಜಲಾಶಯದ ಕಡೆಯಿಂದ. ಪೊಂಟೆರ್‌ವಿಡ್ ಎಂಬ ಹಳ್ಳಿಯಿಂದ ಒಂದೇ ಕಾರು ಹಿಡಿಯುವ ಸಣ್ಣ ರಸ್ತೆ ಒಳಕ್ಕೆ ಹೋಗುತ್ತದೆ. ರೈಡಾಲ್ ಜಲವಿದ್ಯುತ್ ಯೋಜನೆಗಾಗಿ ಕಟ್ಟಿದ ಜಲಾಶಯ ಇದು. ಯೋಜನೆ ಉದ್ಘಾಟನೆಯಾದದ್ದು 1964ರಲ್ಲಿ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಗಾತ್ರದಲ್ಲಿ ಹೋಲಿಕೆಯೇ ಇಲ್ಲ, ಆದರೆ ಮುಳುಗಡೆ ಎಂಬ ಮಾತಿನ ತೂಕ ಬಲ್ಲ ಸಾಗರ, ಹೊಸನಗರದ ಕಡೆಯವರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ: ನೀರಿನಡಿಯಲ್ಲಿ ಒಂದು ಪುಟ್ಟ ಊರು, ಅದರ ಪ್ರಾರ್ಥನಾ ಮಂದಿರ ಇದ್ದವು, ಸಮಾಧಿಗಳನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರು. ಜಲಾಶಯದ ಆಚೆಯ ಹಿದ್‌ಗೆನ್ ಕಣಿವೆಯಲ್ಲಿ 1401ರಲ್ಲಿ ಓವೈನ್ ಗ್ಲಿನ್‌ಡೂರ್ ತನ್ನ ಚಿಕ್ಕ ಪಡೆಯೊಂದಿಗೆ ಇಂಗ್ಲಿಷ್ ದೊರೆಯ ಕಡೆಯ ದೊಡ್ಡ ದಂಡನ್ನು ಸೋಲಿಸಿದ. ಅದರ ನೆನಪಿಗೆ ಅಲ್ಲಿ ಎರಡು ಬಿಳಿ ಬೆಣಚುಕಲ್ಲುಗಳನ್ನು ತೋರಿಸುತ್ತಾರೆ. ಈ ಕಡೆಯಿಂದ ಬೆಟ್ಟಕ್ಕೆ ಒಂದು ಮುಖ ಇದೆ. ಲಿನ್ ಲಿಗಡ್ ರೈಡಾಲ್ ಎಂಬ ಕಪ್ಪು ಕೆರೆ, ಅದರ ಹಿಂದೆ ಬಂಡೆಯ ಗೋಡೆ. ರೈಡಾಲ್ ಹೊರಡುವುದು ಆ ಕೆರೆಯಿಂದ, ಅಬೆರಿಸ್ಟ್‌ವಿತ್‌ಗೆ ಕುಡಿಯುವ ನೀರೂ ಅಲ್ಲಿಂದಲೇ. ಕೆರೆಯವರೆಗೆ ಒಳ್ಳೆಯ ದಾರಿ. ಅಲ್ಲಿಂದ ಮೇಲೆ ಕಡಿದು. ಕಾಲು ಗಟ್ಟಿಯಿದ್ದವರು ಆರಿಸಿಕೊಳ್ಳಬೇಕಾದದ್ದು ಇದನ್ನೇ.

ಮೂರನೆಯದು ತುದಿಗಲ್ಲ, ಮೂಲಕ್ಕೆ. ಲ್ಯಾನಿಡ್ಲೋಯ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಹನ್ನೊಂದು ಕಿಲೋಮೀಟರಿನಷ್ಟು ಹೋದರೆ ಹಾವ್ರೆನ್ ಕಾಡಿನಲ್ಲಿ ರಿಡ್-ಅ-ಬೆನುಖ್ ಎಂಬ ಕಾರು ನಿಲ್ದಾಣ. ಅಲ್ಲಿಂದ ಸೆವೆರ್ನ್ ಹೊಳೆಯನ್ನೇ ಹಿಡಿದು ಮೇಲೆ ಹೋಗಿ ಬರಲು ಸುಮಾರು 13 ಕಿಲೋಮೀಟರ್. ಮೊದಲು ಹಲಗೆಯ ದಾರಿ, ಆಮೇಲೆ ಕಾಡು, ಜಲಪಾತ, ಕಾಡು ಮುಗಿದ ಮೇಲೆ ಜೌಗಿನ ಮೇಲೆ ಹಾಸಿದ ಕಲ್ಲುಚಪ್ಪಡಿ. ಬೂಟು ಒದ್ದೆಯಾಗದೆ ಜೌಗಿನ ನಡುಮಧ್ಯಕ್ಕೆ ಹೋಗಿಬರುವ ಭಾಗ್ಯ ಬೇರೆ ಯಾವ ದಾರಿಯಲ್ಲೂ ಇಲ್ಲ. ಸುಮಾರು 610 ಮೀಟರ್ ಎತ್ತರದಲ್ಲಿ ಒಂದು ಮರದ ಕಂಬ, ಅದರ ಮೇಲೆ ವೆಲ್ಶ್ ಮತ್ತು ಇಂಗ್ಲಿಷ್‌ನಲ್ಲಿ ನದಿಮೂಲ ಎಂದು ಬರಹ, ಮುಂದೆ ಕಂದು ನೀರಿನ ಒಂದು ಮಡು. ಅಷ್ಟೇ. ತಲಕಾವೇರಿಯ ಕುಂಡಿಕೆ, ಮೆಟ್ಟಿಲು, ತೀರ್ಥೋದ್ಭವದ ಜನಜಂಗುಳಿ ಕಂಡ ಕಣ್ಣಿಗೆ ಇದು ಬಡಪಾಯಿ ಎನಿಸದೆ ಇರದು. ಜಾರ್ಜ್ ಬಾರೋ ಎಂಬ ಇಂಗ್ಲಿಷ್ ಲೇಖಕ 1854ರಲ್ಲಿ ದಾರಿ ತೋರಿಸುವವನೊಬ್ಬನನ್ನು ಕರೆದುಕೊಂಡು ಬಂದು, ಹಟ ಹಿಡಿದು ಮೂರೂ ನದಿಗಳ ಮೂಲದಲ್ಲಿ ನೀರು ಕುಡಿದೇ ಹೋದ. ನೀವು ಬೊಗಸೆಯೊಡ್ಡುವ ಮೊದಲು ಮೇಲ್ಗಡೆ ಕುರಿಯಿದೆಯೇ ನೋಡಿ. ಕುರಿ ಇದ್ದೇ ಇರುತ್ತದೆ. ಸೋಸುವ ಬಾಟಲಿ ಇಲ್ಲದಿದ್ದರೆ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು.

ಮೂಲದಿಂದ ದಕ್ಷಿಣಕ್ಕೆ ಏರಿ 741 ಮೀಟರಿನ ಪೆನ್ ಪಿಮ್‌ಲಿಮನ್ ಅರ್‌ವಿಸ್ಟ್ಲಿ ಸೇರಿ, ಬೆನ್ನಿನ ಮೇಲೇ ಪಶ್ಚಿಮಕ್ಕೆ ಹೋದರೆ ವೈ ಹುಟ್ಟುವ ತಗ್ಗನ್ನು ಎಡಕ್ಕೆ ಬಿಟ್ಟು ಮುಖ್ಯ ಶಿಖರಕ್ಕೆ ತಲುಪಬಹುದು. ಹೋಗಿ ಬರುವಷ್ಟರಲ್ಲಿ 20 ಕಿಲೋಮೀಟರ್ ದಾಟುತ್ತದೆ. ದೀರ್ಘ ಹಗಲಿನ ದಿನಕ್ಕೆ ಮಾತ್ರ ಇದು. ಬೆನ್ನಿನುದ್ದಕ್ಕೂ ತಂತಿಬೇಲಿ ಇದೆ. ಮಂಜು ಕವಿದಾಗ ಅದೇ ದೊಡ್ಡ ಆಸರೆ. ಬೇಲಿಯ ಬಳಿ ಅಲ್ಲಲ್ಲಿ ಕೆತ್ತಿದ ಗಡಿಕಲ್ಲುಗಳು: 1865 ಎಂಬ ಇಸವಿ, ಜೊತೆಗೆ ಮೂರು ಡಬ್ಲ್ಯು. ಇಂಟರ್‌ನೆಟ್‌ಗೂ ಇದಕ್ಕೂ ಸಂಬಂಧವಿಲ್ಲ, ಆಗಿನ ಜಮೀನುದಾರ ವಾಟ್ಕಿನ್ ವಿಲಿಯಮ್ಸ್-ವಿನ್‌ನ ಹೆಸರಿನ ಮೊದಲಕ್ಷರಗಳು ಅವು. ತುದಿಯ ದೊಡ್ಡ ಕಲ್ಲುಗುಪ್ಪೆಗಳು ಅದಕ್ಕಿಂತ ಎಷ್ಟೋ ಹಳೆಯವು. ಕಂಚಿನ ಯುಗದವರು ತಮ್ಮ ಸತ್ತವರಿಗಾಗಿ ಒಟ್ಟಿದ್ದು. ಅವುಗಳ ಕಲ್ಲನ್ನೇ ಕಿತ್ತು ಚಾರಣಿಗರು ಗಾಳಿಗೆ ಮರೆ ಕಟ್ಟಿಕೊಂಡಿದ್ದಾರೆ. ಅಲ್ಲಿ ಕೂತು ಬುತ್ತಿ ಬಿಚ್ಚಿ, ಆದರೆ ಹೊಸದಾಗಿ ಕಲ್ಲು ಕೀಳಬೇಡಿ. ಆಕಾಶ ತಿಳಿಯಿದ್ದರೆ ಉತ್ತರಕ್ಕೆ ಕಾಡರ್ ಇದ್ರಿಸ್, ಪಶ್ಚಿಮಕ್ಕೆ ಕಾರ್ಡಿಗನ್ ಕೊಲ್ಲಿಯ ನೀರು.

ಹೊರಡುವ ಮುನ್ನ

ಎಷ್ಟು ಹೊತ್ತು ಬೇಕು ಎಂಬ ಲೆಕ್ಕಕ್ಕೆ ನೇಸ್ಮಿತ್ ಎಂಬ ಸ್ಕಾಟ್ 1892ರಲ್ಲಿ ಹಾಕಿಕೊಟ್ಟ ಸೂತ್ರವನ್ನೇ ಬ್ರಿಟನ್ನಿನಲ್ಲಿ ಇಂದಿಗೂ ಹಿಡಿಯುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಜೌಗಿಗೆ ಈ ಸೂತ್ರ ನಡೆಯದು. ಚಪ್ಪಡಿಯಿಲ್ಲದ ಕಡೆ ಗಂಟೆಗೆ ಎರಡೂವರೆ, ಮೂರು ಕಿಲೋಮೀಟರ್ ಎಂದು ಹಿಡಿಯಿರಿ. ಸೂತ್ರದ ಪ್ರಕಾರ ಐಸ್ತೆದ್ವಾ ಗಿರಿಗ್‌ನಿಂದ ಹೋಗಿಬರಲು ಎರಡು ಗಂಟೆ ಚಿಲ್ಲರೆ; ಮೂರೂವರೆ ಇಟ್ಟುಕೊಂಡರೆ ಓಡುವ ಪ್ರಮೇಯವಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವುದು, ಆಗ ಹೋಗುವುದಾದರೆ ತಲೆಗೆ ಕಟ್ಟುವ ಟಾರ್ಚು ಚೀಲದಲ್ಲಿರಲೇಬೇಕು.

ನಕ್ಷೆ ಕಾಗದದ್ದೇ ಇರಲಿ. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯ 213 ಮತ್ತು 214 ಸಂಖ್ಯೆಯ ಹಾಳೆಗಳು ಎರಡೂ ಬೇಕಾಗುತ್ತವೆ. ಶಿಖರ ಮೊದಲನೆಯದರಲ್ಲಿ, ಸೆವೆರ್ನ್ ಮೂಲ ಎರಡನೆಯದರಲ್ಲಿ. ನಕ್ಷೆಯ ಹಸಿರು ಗೀಟಿನ ಕಾಲ್ದಾರಿ ಕಾನೂನಿನ ಹಕ್ಕು ಅಷ್ಟೇ, ನೆಲದ ಮೇಲೆ ದಾರಿ ಇದ್ದೇ ಇರುತ್ತದೆ ಎಂಬ ಖಾತ್ರಿ ಅಲ್ಲ. ನೀಲಿ ಹುಲ್ಲುಗೊಂಚಲಿನ ಗುರುತು ಜೌಗಿಗೆ. ಹೆಸರುಗಳನ್ನೂ ಗಮನಿಸಿ: ಕೋರ್ಸ್, ಗೋರ್ಸ್, ಮೌನೋಗ್, ವೈನ್, ರೋಸ್ ಎಂದು ಯಾವ ಜಾಗಕ್ಕಿದೆಯೋ ಅಲ್ಲಿ ಬೂಟು ನೆನೆಯುತ್ತದೆ, ಎಸ್‌ಗೈರ್ ಎಂದಿದ್ದರೆ ದಿಣ್ಣೆ, ಸ್ವಲ್ಪ ಒಣನೆಲ. ತಿಳಿಹಳದಿ ಬಣ್ಣ ಬಳಿದ ಪ್ರದೇಶದಲ್ಲಿ ದಾರಿ ಬಿಟ್ಟೂ ನಡೆಯಬಹುದು. 2000ದಲ್ಲಿ ಬಂದ ಕಾಯಿದೆ ಕೊಟ್ಟ ಹಕ್ಕು ಅದು, ವೇಲ್ಸ್‌ನಲ್ಲಿ 2005ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಡೇರೆ ಹಾಕುವ ಹಕ್ಕು ಅದರಲ್ಲಿ ಸೇರಿಲ್ಲ, ಜಮೀನಿನವರನ್ನು ಕೇಳಬೇಕು. ನಾಯಿ ಜೊತೆಗಿದ್ದರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಹಗ್ಗ ಬಿಚ್ಚುವಂತಿಲ್ಲ. ನೆಲದಲ್ಲೇ ಗೂಡುಕಟ್ಟುವ ಹಕ್ಕಿಗಳು, ಮರಿ ಹಾಕಿದ ಕುರಿಗಳು ಇರುವ ಕಾಲ. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬನ್ನಿ.

ಬಟ್ಟೆಯ ವಿಷಯದಲ್ಲಿ ಒಂದೇ ಕಟ್ಟುನಿಟ್ಟು: ಜೀನ್ಸ್ ಬೇಡ, ಹತ್ತಿಯ ಅಂಗಿಯೂ ಬೇಡ. ನೆನೆದ ಹತ್ತಿ ಒಣಗುವುದಿಲ್ಲ, ಮೈಯ ಶಾಖ ಹೀರುತ್ತಲೇ ಇರುತ್ತದೆ. ಸಮುದ್ರದಂಡೆಯಲ್ಲಿ 15 ಡಿಗ್ರಿ ಇದ್ದಾಗ ತುದಿಯಲ್ಲಿ ಹತ್ತರ ಆಸುಪಾಸು, ಗಾಳಿ ಬೇರೆ. ಜೊತೆಯವರ ಮಾತು ತೊದಲತೊಡಗಿದರೆ, ಸುಮ್ಮಸುಮ್ಮನೆ ಎಡವಿದರೆ, ಜಿಪ್ ಎಳೆದುಕೊಳ್ಳಲು ಆಗದಿದ್ದರೆ ಮೈ ಅಪಾಯದ ಮಟ್ಟಕ್ಕೆ ತಣ್ಣಗಾಗುತ್ತಿದೆ ಎಂದರ್ಥ. ಒಣಬಟ್ಟೆ, ಸಿಹಿ, ಬಿಸಿ ಕೊಟ್ಟು ಇಳಿಸಬೇಕು. ಕೊಡೆ ಮನೆಯಲ್ಲಿಡಿ, ಗಾಳಿ ಅದನ್ನು ಉಳಿಸುವುದಿಲ್ಲ. ಬೂಟಿನ ಬಗ್ಗೆ ಎರಡು ಪಂಥಗಳಿವೆ. ನೀರು ನುಗ್ಗದ ಎತ್ತರದ ಬೂಟೇ ಬೇಕು ಎನ್ನುವವರು, ಹೇಗೂ ನೆನೆಯುತ್ತದೆ, ಬೇಗ ನೀರು ಬಸಿಯುವ ಹಗುರ ಓಟದ ಶೂ ಸಾಕು ಎನ್ನುವವರು. ಎರಡನೆಯವರ ಮಾತು ತರ್ಕಕ್ಕೆ ಸರಿ, ಆದರೆ ಮೊಲಿನಿಯಾ ಗುಪ್ಪೆಗಳನ್ನು ನೆನೆದರೆ ನನ್ನ ಮತ ಪಾದದ ಗಂಟು ಹಿಡಿಯುವ ಬೂಟಿಗೇ, ಮೇಲಿನಿಂದ ನೀರಿಳಿಯದಂತೆ ಗೇಟರ್ ಕಟ್ಟಿಕೊಂಡು. ಉಣ್ಣೆಯ ಕಾಲುಚೀಲ ಎರಡು ಜೊತೆ. ಬುತ್ತಿಗೆ ಚಪಾತಿ ಸುರುಳಿ, ಫ್ಲಾಸ್ಕಿನಲ್ಲಿ ಕಾಫಿ. ದಾರಿಯಲ್ಲಿ ಅಂಗಡಿಯೆಂಬುದೇ ಇಲ್ಲ.

ಮಲೆನಾಡಿನವರು ಮೊದಲು ಕೇಳುವುದು ಉಂಬಳದ ಬಗ್ಗೆ. ಆ ಕಾಟ ಇಲ್ಲ. ಉಣುಗು ಮಾತ್ರ ಇದೆ. ಮಂಗನ ಕಾಯಿಲೆಯ ಊರುಗಳಿಂದ ಬಂದವರಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅದು ಹರಡುವುದು ಲೈಮ್ ಎಂಬ ಕಾಯಿಲೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಮೈಯೆಲ್ಲ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಮೂರು ತಿಂಗಳೊಳಗೆ ಕಚ್ಚಿದ ಜಾಗದ ಸುತ್ತ ಕೆಂಪು ಬಳೆ ಹರಡಿದರೆ ವೈದ್ಯರಿಗೆ ತೋರಿಸಿ, ಆ್ಯಂಟಿಬಯಾಟಿಕ್‌ಗೆ ಬಗ್ಗುವ ಕಾಯಿಲೆ ಅದು.

ಫೋನ್ ಸಿಗ್ನಲ್ ನಂಬಬೇಡಿ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ. ಅಪಾಯವಾದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು, ಅವರ ಮೂಲಕ ಮೌಂಟನ್ ರೆಸ್ಕ್ಯೂ ದಳವನ್ನು ಕೇಳಬೇಕು. ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಮಾತಿಗೆ ಸಿಗ್ನಲ್ ಸಾಲದಿದ್ದರೂ ಎಸ್ಸೆಮ್ಮೆಸ್ ಹೋಗುವುದುಂಟು, ಅದಕ್ಕೆ ಮನೆಯಿಂದಲೇ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಕಳಿಸಿ ಹೆಸರು ನೋಂದಾಯಿಸಿಟ್ಟಿರಬೇಕು. ಏನೂ ಇಲ್ಲದಿದ್ದರೆ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು.

ಯಾವಾಗ ಹೋಗಬೇಕು ಎಂದರೆ, ನಾಲ್ಕೈದು ದಿನ ಮಳೆಯಿಲ್ಲದ ಮೇ ಅಥವಾ ಜೂನ್‌ನಲ್ಲಿ. ಸ್ವಲ್ಪ ಅನುಭವವಿದ್ದವರಿಗೆ ಜನವರಿಯ ಹೆಪ್ಪುಗಟ್ಟಿದ ದಿನಗಳೂ ಚೆನ್ನ. ಕೆಸರೆಲ್ಲ ಗಟ್ಟಿಯಾಗಿ ಬೂಟಿನಡಿ ಕರಕರ ಎನ್ನುತ್ತದೆ, ತೆಳು ಪದರ ಮುರಿದರೆ ಮಾತ್ರ ಹಿಮದ ನೀರಿಗೇ ಕಾಲು. ರೈಲಿನಲ್ಲಿ ಬರುವವರು ಬರ್ಮಿಂಗ್‌ಹ್ಯಾಮ್, ಶ್ರೂಸ್‌ಬರಿ ಮಾರ್ಗವಾಗಿ ಅಬೆರಿಸ್ಟ್‌ವಿತ್‌ಗೆ ಬರಬಹುದು. ಅಲ್ಲಿಂದ ಮುಂದಕ್ಕೆ ಬಸ್ಸುಗಳು ವಿರಳ, ವೇಳೆ ನೋಡಿಕೊಳ್ಳದೆ ಹೊರಡಬೇಡಿ; ನಾಲ್ಕು ಜನ ಸೇರಿ ಕಾರು ಮಾಡಿಕೊಳ್ಳುವುದೇ ವಾಸಿ. ಬೇಗ ಇಳಿದಿದ್ದರೆ ಎ44ರಲ್ಲೇ ಬುಲ್ಖ್ ನಾಂತ್ ಅರ್ ಆರಿಯನ್‌ನಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆ, ಚಳಿಗಾಲದಲ್ಲಿ ಎರಡಕ್ಕೆ ಅಲ್ಲಿ ಕೆಂಪು ಹದ್ದುಗಳಿಗೆ ಮಾಂಸ ಹಾಕುತ್ತಾರೆ. ಒಂದು ಕಾಲಕ್ಕೆ ಬ್ರಿಟನ್ನಿನಲ್ಲಿ ಇವು ಉಳಿದಿದ್ದದ್ದೇ ಈ ನಡು ವೇಲ್ಸ್‌ನ ಕಣಿವೆಗಳಲ್ಲಿ, ಬೆರಳೆಣಿಕೆಯಷ್ಟು ಜೋಡಿ.

ಬೂಟನ್ನು ಅದೇ ರಾತ್ರಿ ತೊಳೆಯಿರಿ. ಪೀಟ್ ಹುಳಿ ಗುಣದ್ದು, ಒಣಗಲು ಬಿಟ್ಟರೆ ತೊಗಲು ಬಿರಿಯುತ್ತದೆ. ತಣ್ಣೀರಿನಲ್ಲಿ ಬ್ರಷ್ ಹಾಕಿ, ಒಳಹಾಳೆ ಹೊರತೆಗೆದು, ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ. ಹೀಟರ್ ಮೇಲೆ ಮಾತ್ರ ಬೇಡ. ಕಾಗದವನ್ನು ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ಬದಲಾಯಿಸಿದರೆ ಎರಡು ದಿನದಲ್ಲಿ ಹಾಕಿಕೊಳ್ಳುವಂತಾಗುತ್ತದೆ.